ಗ್ಯಾಸ್ ಪೈಪಿನ ಕಸ ಗೀಸರ್‌ಗೆ ಸೇರದಂತೆ: ಸೆಡಿಮೆಂಟ್ ಟ್ರ್ಯಾಪ್, ಡ್ರಿಪ್ ಲೆಗ್ ಹಾಕಿಸುವ ಸಮಗ್ರ ಮಾರ್ಗದರ್ಶಿ

ತುಮಕೂರಿನ ಹೊಸ ಬಡಾವಣೆಗಳಲ್ಲಿ ಈಗ ಮನೆ ಕಟ್ಟುವಾಗಲೇ ಗ್ಯಾಸ್ ಪೈಪ್ ಹಾಕಿಸಿಬಿಡುತ್ತಾರೆ. ಸಿಲಿಂಡರ್ ಹೊರಗೆ, ಒಲೆ ಒಳಗೆ, ಗೀಸರ್ ಯುಟಿಲಿಟಿಯಲ್ಲಿ. ಪೈಪ್ ಗ್ಯಾಸ್ (ಕಂಪನಿ ಬೀದಿಯ ಕೊಳವೆಯಲ್ಲಿ ಕಳಿಸುವ ನೈಸರ್ಗಿಕ ಅನಿಲ) ಬಂದಿರುವ ಬೀದಿಗಳಲ್ಲಿ ಗೋಡೆ ಮೇಲೆ ಮೀಟರ್, ಅಲ್ಲಿಂದ ಅಡುಗೆಮನೆಗೆ ಲೈನ್. ಲೀಕ್ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಪೈಪಿನ ಒಳಗೆ ಏನಿದೆ ಅಂತ ಕೇಳುವವರು ತೀರಾ ಕಡಿಮೆ.

ಒಳಗೆ ಕಸ ಇರುತ್ತೆ. ಪೈಪ್ ಕತ್ತರಿಸಿದಾಗ ಉಳಿದ ಕಬ್ಬಿಣದ ಪುಡಿ, ಥ್ರೆಡ್ ಹಾಕಿದಾಗ ಸುರುಳಿ ಸುರುಳಿಯಾಗಿ ಬಂದ ಚೂರು, ಅದಕ್ಕೆ ಅಂಟಿದ ಎಣ್ಣೆ, ಟೆಫ್ಲಾನ್ ಟೇಪಿನ ಎಳೆ, ಗಾರೆ ಕೆಲಸದ ಸಿಮೆಂಟು, ಕೆಂಪು ಮಣ್ಣು. ಕೆಲಸ ಅರ್ಧಕ್ಕೆ ನಿಂತು ಪೈಪಿನ ಬಾಯಿ ಒಂದೆರಡು ತಿಂಗಳು ತೆರೆದೇ ಇದ್ದರೆ ಕಡಜ ಅದರೊಳಗೆ ಮಣ್ಣಿನ ಗೂಡು ಕಟ್ಟಿರುತ್ತೆ. ಗ್ಯಾಸ್ ಬಿಟ್ಟ ದಿನದಿಂದ ಇದೆಲ್ಲ ನಿಧಾನಕ್ಕೆ ಒಲೆ, ಗೀಸರ್ ಕಡೆಗೆ ಹೊರಡುತ್ತೆ. ಅದನ್ನು ದಾರಿಯಲ್ಲೇ ಹಿಡಿಯುವ ಚಿಕ್ಕ ವ್ಯವಸ್ಥೆಯೇ ಸೆಡಿಮೆಂಟ್ ಟ್ರ್ಯಾಪ್. ಒಂದು ಟೀ (ಮೂರು ಬಾಯಿಯ ಜೋಡಣೆ ತುಂಡು), ಒಂದು ನಿಪ್ಪಲ್ (ಗಿಡ್ಡ ಪೈಪ್ ತುಂಡು), ಒಂದು ಕ್ಯಾಪ್, ಅಷ್ಟೇ. ಆದರೆ ಗ್ಯಾಸ್ ಅದರೊಳಗೆ ಯಾವ ದಿಕ್ಕಿನಿಂದ ಬಂದು ಯಾವ ದಿಕ್ಕಿಗೆ ಹೋಗುತ್ತೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ದಿಕ್ಕು ತಪ್ಪಿದರೆ ಆ ಮೂರು ಸಾಮಾನು ಇದ್ದೂ ಇಲ್ಲದ ಹಾಗೆ.

ಮೊದಲು ಎರಡನ್ನೂ ಬೇರೆ ಮಾಡಿಕೊಳ್ಳಿ

ಡ್ರಿಪ್ ಲೆಗ್, ಸೆಡಿಮೆಂಟ್ ಟ್ರ್ಯಾಪ್ ಎರಡೂ ನೋಡೋಕೆ ಒಂದೇ ಥರ. ಪೈಪಿನಿಂದ ಕೆಳಕ್ಕೆ ಇಳಿಬಿಟ್ಟ ಒಂದು ತುಂಡು, ತುದಿಗೆ ಕ್ಯಾಪ್. ಹಾಗಾಗಿ ಫಿಟ್ಟರ್‌ಗಳೂ ಎರಡಕ್ಕೂ ಒಂದೇ ಹೆಸರು ಹೇಳಿಬಿಡುತ್ತಾರೆ. ಕೆಲಸ ಮಾತ್ರ ಬೇರೆ.

ಡ್ರಿಪ್ ಲೆಗ್ ಇರೋದು ದ್ರವ ಹಿಡಿಯೋಕೆ. ಗ್ಯಾಸಿನಲ್ಲಿ ತೇವ ಇದ್ದರೆ ತಣ್ಣಗಾದಾಗ ನೀರಾಗುತ್ತೆ, ಲೈನಿನ ಅತ್ಯಂತ ತಗ್ಗಿನ ಜಾಗಕ್ಕೆ ಹರಿದು ನಿಲ್ಲುತ್ತೆ. ಡ್ರಿಪ್ ಲೆಗ್ ಹಾಕಬೇಕಾದದ್ದು ಅಲ್ಲಿ. ಸೆಡಿಮೆಂಟ್ ಟ್ರ್ಯಾಪ್ ಇರೋದು ಗಟ್ಟಿ ಕಸಕ್ಕೆ. ಅದರ ಜಾಗ ಉಪಕರಣದ ಬಾಯಿಯ ಹತ್ತಿರ.

ಈ ಎರಡನ್ನೂ ತುಂಬ ಸ್ಪಷ್ಟವಾಗಿ ಬರೆದಿಟ್ಟಿರುವುದು ಅಮೆರಿಕದ ಗ್ಯಾಸ್ ಕೋಡ್‌ಗಳಲ್ಲಿ. ಅಲ್ಲಿನ ಇಂಟರ್‌ನ್ಯಾಷನಲ್ ಫ್ಯೂಯೆಲ್ ಗ್ಯಾಸ್ ಕೋಡ್‌ನ 408ನೇ ವಿಭಾಗ ಪೂರ್ತಿ ಇದಕ್ಕೇ ಮೀಸಲು. ತೇವ ಇರುವ ಗ್ಯಾಸ್ ಆದರೆ ಪೈಪಿಗೆ 15 ಅಡಿಗೆ ಕಾಲು ಇಂಚು ಇಳಿಜಾರು ಕೊಡಿ, ನೀರು ನಿಲ್ಲುವ ಕಡೆ ಡ್ರಿಪ್ ಹಾಕಿ, ಅದನ್ನು ಕೈಗೆ ಸಿಗುವ ಹಾಗೆ ಇಡಿ ಅನ್ನುತ್ತೆ. 408.4ರಲ್ಲಿ ಸೆಡಿಮೆಂಟ್ ಟ್ರ್ಯಾಪ್ ಮಾತು ಬರುತ್ತೆ. ಉಪಕರಣದಲ್ಲೇ ಟ್ರ್ಯಾಪ್ ಇಲ್ಲದಿದ್ದರೆ, ಅದರ ವಾಲ್ವ್ ಆದಮೇಲೆ, ಗ್ಯಾಸ್ ಒಳಗೆ ಹೋಗುವ ಬಾಯಿಗೆ ಆದಷ್ಟು ಹತ್ತಿರ ಒಂದು ಟ್ರ್ಯಾಪ್ ಇರಬೇಕು ಅಂತ. ಎನ್‌ಎಫ್‌ಪಿಎ 54 ಅನ್ನುವ ಇನ್ನೊಂದು ಕೋಡ್ ಕೂಡ ಇದನ್ನೇ ಕೇಳುತ್ತೆ. ಅದರ ಚಿತ್ರದಲ್ಲಿ ಕೆಳಗಿನ ನಿಪ್ಪಲ್ ಕನಿಷ್ಠ 3 ಇಂಚು, ಅಂದರೆ 75 ಮಿಲಿಮೀಟರ್ ಇರಬೇಕು ಅಂತ ತೋರಿಸಿದ್ದಾರೆ.

ಒಂದು ಕಾಲದಲ್ಲಿ ಅಲ್ಲಿ ಕಲ್ಲಿದ್ದಲಿನಿಂದ ತಯಾರಿಸಿದ ಗ್ಯಾಸ್ ಊರೂರಿಗೆ ಹರಿಯುತ್ತಿತ್ತು. ಅದರಲ್ಲಿ ನೀರು, ಟಾರು ಎಲ್ಲ ಇರುತ್ತಿತ್ತು, ಡ್ರಿಪ್ ಬೇಕೇಬೇಕಿತ್ತು. ಈಗ ಬರುವ ನೈಸರ್ಗಿಕ ಅನಿಲವನ್ನು ಒಣಗಿಸಿ ಕಳಿಸುತ್ತಾರೆ. ಹಾಗಾಗಿ ಮನೆಗಳಲ್ಲಿ ಡ್ರಿಪ್‌ಗೆ ಕೆಲಸ ಕಡಿಮೆಯಾಯಿತು, ಕಸದ ಟ್ರ್ಯಾಪ್ ಮಾತ್ರ ಉಳಿದುಕೊಂಡಿತು.

ನಮ್ಮಲ್ಲಿ ಪೈಪ್ ಗ್ಯಾಸ್ ಜಾಲಕ್ಕೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ (ಪಿಎನ್‌ಜಿಆರ್‌ಬಿ) 2008ರ ತಾಂತ್ರಿಕ ಮತ್ತು ಸುರಕ್ಷತಾ ನಿಯಮಗಳಿವೆ. ಎಲ್‌ಪಿಜಿ ಸಿಲಿಂಡರ್‌ಗಳಿಂದ ಪೈಪ್ ಎಳೆಯುವುದಕ್ಕೆ ಐಎಸ್ 6044 ಅನ್ನುವ ಭಾರತೀಯ ಮಾನಕ ಇದೆ. ಮನೆಯಲ್ಲಿ ಏನೇ ಮಾಡಿಸಿದರೂ ಇವಕ್ಕೆ ಒಳಪಟ್ಟೇ ಮಾಡಿಸಬೇಕು. ಅಮೆರಿಕದ ಕೋಡ್ ಇಲ್ಲಿ ಕಾನೂನಲ್ಲ. ಆದರೆ ಕಬ್ಬಿಣದ ಚೂರು ಅಲ್ಲೂ ಒಂದೇ, ಇಲ್ಲೂ ಒಂದೇ, ಅಲ್ವಾ? ಅಲ್ಲಿ ಕಲಿತದ್ದು ನಮಗೂ ಕೆಲಸಕ್ಕೆ ಬರುತ್ತೆ.

ನಿಮ್ಮ ಮನೆಗೆ ಬೇಕಾ, ಬೇಡವಾ?

ಅಡುಗೆ ಒಲೆಗೆ ಕಡ್ಡಾಯ ಇಲ್ಲ. ಆ ಅಮೆರಿಕದ ಕೋಡ್‌ನಲ್ಲೇ ಅಡುಗೆ ರೇಂಜ್, ಬಟ್ಟೆ ಒಣಗಿಸುವ ಯಂತ್ರ, ಗ್ಯಾಸ್ ದೀಪ, ಫೈರ್‌ಪ್ಲೇಸ್, ಹೊರಗಿನ ಗ್ರಿಲ್ ಇವಕ್ಕೆ ವಿನಾಯಿತಿ ಇದೆ. ನೀರು ಕಾಯಿಸುವ ಹೀಟರ್‌ಗೆ ವಿನಾಯಿತಿ ಇಲ್ಲ. ಯೋಚನೆ ಮಾಡಿದರೆ ಇದರಲ್ಲಿ ಅರ್ಥ ಇದೆ. ಒಲೆಯ ನಾಬ್ ನಿಮ್ಮ ಕೈಯಲ್ಲಿ. ಜೆಟ್‌ಗೆ (ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡಿಗೆ) ಕಸ ಸಿಕ್ಕಿದರೆ ಉರಿ ಸಣ್ಣಗಾಗುತ್ತೆ, ಎದುರಿಗೇ ನಿಂತಿರುವ ನಿಮಗೆ ಕಾಣುತ್ತೆ. ಗೀಸರ್‌ನಲ್ಲಿ ಹಾಗಲ್ಲ. ನಲ್ಲಿ ತಿರುಗಿಸಿದರೆ ನೀರಿನ ಒತ್ತಡಕ್ಕೆ ಗ್ಯಾಸ್ ವಾಲ್ವ್ ತಾನಾಗಿ ತೆರೆಯುತ್ತೆ, ನಿಲ್ಲಿಸಿದರೆ ತಾನಾಗಿ ಮುಚ್ಚುತ್ತೆ. ಆ ವಾಲ್ವ್ ಕೂರುವ ಜಾಗದಲ್ಲಿ ಒಂದು ಕಬ್ಬಿಣದ ಚೂರು ಸಿಕ್ಕಿಕೊಂಡರೆ ಪೂರ್ತಿ ಮುಚ್ಚಲ್ಲ. ನೀವು ಸ್ನಾನ ಮುಗಿಸಿ ಹೋಗಿರುತ್ತೀರಿ, ಗ್ಯಾಸ್ ಸಣ್ಣಗೆ ಹೋಗುತ್ತಲೇ ಇರುತ್ತೆ. ನನಗೆ ಟ್ರ್ಯಾಪ್ ಮುಖ್ಯ ಅನ್ನಿಸುವುದು ಈ ಒಂದು ಕಾರಣಕ್ಕೆ.

ಇನ್ನೊಂದು ಲೆಕ್ಕ. ಸಿಲಿಂಡರ್, ರೆಗ್ಯುಲೇಟರ್, ಸುರಕ್ಷಾ ಹೋಸ್, ನೇರವಾಗಿ ಒಲೆ: ನಿಮ್ಮದು ಇಷ್ಟೇ ಆಗಿದ್ದರೆ ಟ್ರ್ಯಾಪ್ ಯೋಚನೆ ಬೇಡ. ಅಲ್ಲಿ ಥ್ರೆಡ್ ಹಾಕಿದ ಪೈಪೇ ಇಲ್ಲ. ಹೋಸ್ ಐದು ವರ್ಷಕ್ಕೊಮ್ಮೆ ಬದಲಿಸಿ, ಸಾಕು. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಗೋಡೆ ಮೇಲೆ ಓಡಿ ಗೀಸರ್‌ಗೆ ಸೇರುತ್ತಿದ್ದರೆ ಹಾಕಿಸಿ. ಒಲೆಗೂ ಉದ್ದ ಲೈನ್ ಇದ್ದರೆ ನಾನಂತೂ ಹಾಕಿಸಿ ಅಂತಲೇ ಹೇಳುತ್ತೇನೆ. ಎಲ್‌ಪಿಜಿ ಒಲೆಯ ಜೆಟ್‌ನ ತೂತು ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ಸಣ್ಣದು. ಥ್ರೆಡ್ಡಿನ ಒಂದು ಚೂರು ಅದನ್ನು ಮುಚ್ಚೋಕೆ ಧಾರಾಳ ಸಾಕು.

ಕ್ಯಾತ್ಸಂದ್ರದ ಕಡೆ ತಟ್ಟೆ ಇಡ್ಲಿ ಮಾಡುವ ಹಾಗೆ ಮನೆಯಲ್ಲೇ ತಿಂಡಿ ವ್ಯಾಪಾರ ಇಟ್ಟುಕೊಂಡವರ ಲೈನ್ ಬೇರೆ ಮಾತು. ಅಲ್ಲಿ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್‌ಗಳು, ದೊಡ್ಡ ಬರ್ನರ್‌ಗಳು, ಜಾಸ್ತಿ ಒತ್ತಡ ಇರುತ್ತೆ. ಅದನ್ನು ಐಎಸ್ 6044 ಗೊತ್ತಿರುವ ಕಂಪನಿಯಿಂದಲೇ ವಿನ್ಯಾಸ ಮಾಡಿಸಿ. ಮುಂದೆ ಹೇಳುವುದು ಮನೆಯ ಕಡಿಮೆ ಒತ್ತಡದ ಲೈನಿಗೆ ಮಾತ್ರ. ಎಲ್‌ಪಿಜಿ ಒಲೆಗೆ ಬರುವ ಒತ್ತಡ ಸುಮಾರು 30 ಮಿಲಿಬಾರ್, ಪೈಪ್ ಗ್ಯಾಸ್ ಆದರೆ 21 ಮಿಲಿಬಾರ್.

ಕೆಲಸ ಯಾರು ಮಾಡಬೇಕು

ಪೈಪ್ ಗ್ಯಾಸ್ ಲೈನಿಗೆ ಕಂಪನಿಯ ಫಿಟ್ಟರ್ ಬಿಟ್ಟು ಬೇರೆ ಯಾರೂ ಪಾನಾ ಹಾಕಬಾರದು. ಮೀಟರ್ ಆದಮೇಲಿನ ಪೈಪ್ ನಿಮ್ಮ ಗೋಡೆಯ ಮೇಲೇ ಇದ್ದರೂ ಅಷ್ಟೇ. ಎಲ್‌ಪಿಜಿ ಲೈನ್ ಆದರೆ ವಿತರಕರು ಕಳಿಸುವ ಮೆಕ್ಯಾನಿಕ್ ಅಥವಾ ಗ್ಯಾಸ್ ಲೈನ್ ಕೆಲಸವನ್ನೇ ಮಾಡುವವರು. ನೀರಿನ ಕೆಲಸದ ಪ್ಲಂಬರ್ ಎಷ್ಟೇ ಒಳ್ಳೆಯವರಿರಲಿ, ಸಣಬಿನ ನಾರು ಸುತ್ತಿ ಪೇಂಟ್ ಹಚ್ಚುವ ಅಭ್ಯಾಸ ಗ್ಯಾಸ್ ಪೈಪಿಗೆ ಸಲ್ಲದು. ಈ ಮಾರ್ಗದರ್ಶಿ ನೀವೇ ಪಾನಾ ಹಿಡಿಯಿರಿ ಅಂತ ಬರೆದದ್ದಲ್ಲ. ಫಿಟ್ಟರ್ ಪಕ್ಕ ನಿಂತು ಏನು ಕೇಳಬೇಕು, ಏನು ನೋಡಬೇಕು ಅಂತ ತಿಳಿಯಲಿ ಎಂದು. ಹೊಸದಾಗಿ ಕೆಲಸ ಕಲಿಯುತ್ತಿರುವ ಹುಡುಗರಿಗೂ ಉಪಯೋಗ ಆದೀತು.

ಸಾಮಾನು

ಅರ್ಧ ಇಂಚಿನ ಲೈನ್ ಅಂತ ಇಟ್ಟುಕೊಳ್ಳೋಣ. ಒಂದು ಜಿಐ ಟೀ, 3 ಅಥವಾ 4 ಇಂಚಿನ ನಿಪ್ಪಲ್, ಒಂದು ಕ್ಯಾಪ್, ಒಂದು ಯೂನಿಯನ್ (ಪೈಪ್ ತಿರುಗಿಸದೆ ಬಿಚ್ಚಬಹುದಾದ ಜಾಯಿಂಟ್), ಗ್ಯಾಸ್‌ಗೆ ಅಂತಲೇ ಬರುವ ಬಾಲ್ ವಾಲ್ವ್. ಮಂಡಿಪೇಟೆ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದೆಲ್ಲ ಸಿಗುತ್ತೆ. ಟೀ, ನಿಪ್ಪಲ್ ಪೈಪಿನ ಸೈಜಿಗಿಂತ ಸಣ್ಣದಾಗಬಾರದು. ರೆಡ್ಯೂಸರ್ ಹಾಕಿ ಸಣ್ಣ ನಿಪ್ಪಲ್ ಕೂರಿಸಿದರೆ ಕಸ ಬೀಳುವ ಬಾಯೇ ಕಿರಿದಾಗುತ್ತೆ.

ಥ್ರೆಡ್ಡಿಗೆ ಗ್ಯಾಸ್‌ಗೆ ಒಪ್ಪುವ ಸೀಲೆಂಟ್ ಪೇಸ್ಟ್ ಅಥವಾ ಗ್ಯಾಸ್‌ಗೆ ಅಂತ ಬರುವ ದಪ್ಪ ಟೆಫ್ಲಾನ್ ಟೇಪ್ ಬೇಕು. ನೀರಿನ ನಲ್ಲಿಗೆ ಸುತ್ತುವ ತೆಳು ಬಿಳಿ ಟೇಪ್ ಬೇಡ.

ಹಂತ 1: ಪೈಪನ್ನೇ ಮೊದಲು ಸ್ವಚ್ಛ ಮಾಡಿಸಿ

ಟ್ರ್ಯಾಪ್ ಇದೆಯಲ್ಲ ಅಂತ ಗಲೀಜು ಪೈಪ್ ಜೋಡಿಸುವುದು ಸರಿಯಲ್ಲ. ಪೈಪ್ ಕತ್ತರಿಸಿದ ಮೇಲೆ ಒಳಗಿನ ಅಂಚಿನಲ್ಲಿ ಚೂಪಾದ ತುಟಿ ಉಳಿಯುತ್ತೆ. ಬೆರಳು ಹಾಕಿದರೆ ಕುಯ್ಯುವಷ್ಟು ಚೂಪು. ಅದನ್ನು ರೀಮರ್ ಅಥವಾ ದುಂಡನೆಯ ಅರದಿಂದ ತೆಗೆಸಿ. ಡೈ ತಿರುಗಿಸಿ ಥ್ರೆಡ್ ಹಾಕಿದ ಮೇಲೆ ಪೈಪನ್ನು ನೆಟ್ಟಗೆ ನಿಲ್ಲಿಸಿ, ಮರದ ತುಂಡಿನಿಂದ ತಟ್ಟಿಸಿ. ಕೆಳಗೆ ಹಳೆ ಪೇಪರ್ ಹಾಸಿ. ಎಷ್ಟು ಬೀಳುತ್ತೆ ಅಂತ ಒಮ್ಮೆ ನೋಡಿದರೆ ಈ ಹಂತವನ್ನು ಮತ್ತೆ ಯಾವತ್ತೂ ಬಿಡಲ್ಲ. ಎಣ್ಣೆ ಅಂಟಿದ ಚೂರು ತಟ್ಟಿದರೂ ಬೀಳಲ್ಲ. ದಾರಕ್ಕೆ ಬಟ್ಟೆ ಕಟ್ಟಿ ಪೈಪಿನೊಳಗೆ ಎಳೆಸಿ, ಆಮೇಲೆ ಕಂಪ್ರೆಸರ್ ಗಾಳಿ ಹೊಡೆಸಿ. ಗಾಳಿ ಮಾತ್ರ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ಹತ್ತಿರ ಇದೆ ಅಂತ ಅದನ್ನು ಬಿಟ್ಟರೆ ಒಳಗಿನ ಎಣ್ಣೆಗೆ ಬೆಂಕಿ ಹತ್ತಬಹುದು.

ಜೋಡಿಸುವ ತನಕ ಎರಡೂ ಬಾಯಿ ಮುಚ್ಚಿರಬೇಕು. ಗಾರೆಯವರು, ಟೈಲ್ಸಿನವರು ಇನ್ನೂ ಕೆಲಸ ಮಾಡುತ್ತಿರುವ ಮನೆಯಲ್ಲಿ ಇದು ತುಂಬ ಮುಖ್ಯ. ಪೇಪರ್ ತುರುಕಿದರೆ ಸಾಲದು, ಅದೇ ಒಳಗೆ ಉಳಿದುಬಿಡುತ್ತೆ. ಪ್ಲಾಸ್ಟಿಕ್ ಪ್ಲಗ್ ಅಥವಾ ಕ್ಯಾಪ್ ಹಾಕಿಸಿ.

ಹಂತ 2: ಜಾಗ ನೋಡಿ

ಗೀಸರ್ ಎಲ್ಲಿದೆ ಅನ್ನೋದು ಮೊದಲ ಪ್ರಶ್ನೆ. ಗ್ಯಾಸ್ ಗೀಸರ್ ಬಚ್ಚಲುಮನೆ ಒಳಗೆ ಇರಬಾರದು. ಮುಚ್ಚಿದ ಸಣ್ಣ ಜಾಗದಲ್ಲಿ ಅದು ಉರಿದಾಗ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರುವುದೇ ಇಲ್ಲ. ಗೀಸರ್ ಇನ್ನೂ ಒಳಗೇ ಇದ್ದರೆ ಟ್ರ್ಯಾಪ್ ವಿಷಯ ಬದಿಗಿಟ್ಟು ಮೊದಲು ಅದನ್ನು ಗಾಳಿಯಾಡುವ ಯುಟಿಲಿಟಿಗೆ ಸಾಗಿಸಿ. ಇದರಲ್ಲಿ ರಾಜಿ ಬೇಡ.

ಆಮೇಲೆ ವಾಲ್ವ್. ಕೈಗೆ ಸಿಗಬೇಕು, ಉಪಕರಣ ಇರುವ ಜಾಗದಲ್ಲೇ ಇರಬೇಕು. ಅಮೆರಿಕದ ಕೋಡ್ 6 ಅಡಿ ಒಳಗೆ ಅನ್ನುತ್ತೆ, ಒಳ್ಳೆಯ ಅಳತೆ. ಟ್ರ್ಯಾಪ್ ಅದರ ಮುಂದೆ, ಗೀಸರ್ ಕಡೆಗೆ ಬರುತ್ತೆ. ಕ್ಯಾಪ್ ಬಿಚ್ಚೋಕೆ ಕೆಳಗೆ ಪಾನಾ ಆಡುವಷ್ಟು ಜಾಗ ಬಿಡಿ. ಗ್ರಾನೈಟ್ ಹಿಂದೆ, ಟೈಲ್ಸ್ ಒಳಗೆ, ಕಪಾಟಿನ ಹಲಗೆ ಹಿಂದೆ ಹೂತ ಟ್ರ್ಯಾಪ್ ಯಾರಿಗೂ ಬೇಡ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಲಕ್ಕೆ ತಾಗಿಸಿ ಇಟ್ಟರೆ ಸೋಪಿನ ನೀರಿಗೆ ಕ್ಯಾಪ್ ತುಕ್ಕು ಹಿಡಿದು ಮುಂದೆ ಬಿಚ್ಚೋಕೇ ಬರಲ್ಲ.

ಹಂತ 3: ದಿಕ್ಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಟೀಗೆ ಮೂರು ಬಾಯಿ. ಎರಡು ಒಂದೇ ನೇರದಲ್ಲಿ, ಒಂದು ಪಕ್ಕಕ್ಕೆ. ಟೀಯನ್ನು ಹೀಗೆ ಹಿಡಿಯಬೇಕು: ನೇರದ ಎರಡು ಬಾಯಿಗಳಲ್ಲಿ ಒಂದು ಆಕಾಶಕ್ಕೆ, ಇನ್ನೊಂದು ನೆಲಕ್ಕೆ. ಮೂರನೆಯದು ಪಕ್ಕಕ್ಕೆ, ಗೀಸರ್ ಕಡೆಗೆ. ಗ್ಯಾಸ್ ಮೇಲಿನ ಬಾಯಿಂದ ಇಳಿಯಬೇಕು, ಪಕ್ಕದ ಬಾಯಿಂದ ಹೊರಡಬೇಕು. ಕೆಳಗಿನ ಬಾಯಿಗೆ ನಿಪ್ಪಲ್, ನಿಪ್ಪಲ್ ತುದಿಗೆ ಕ್ಯಾಪ್.

ಯಾಕೆ ಹೀಗೆ? ಜೋರಾಗಿ ಬಂದ ಬಸ್ಸು ತಿರುವಿನಲ್ಲಿ ಗಕ್ಕನೆ ತಿರುಗಿದರೆ ನಿಂತವರು ಹಳೆ ದಿಕ್ಕಿಗೇ ವಾಲುತ್ತಾರಲ್ಲ, ಅದೇ ಲೆಕ್ಕ. ಗ್ಯಾಸ್ ಹಗುರ, ಪಕ್ಕಕ್ಕೆ ತಿರುಗಿಬಿಡುತ್ತೆ. ಕಬ್ಬಿಣದ ಚೂರು ಭಾರ, ಬಂದ ವೇಗದಲ್ಲೇ ನೆಟ್ಟಗೆ ಕೆಳಗೆ ಹೋಗಿ ನಿಪ್ಪಲ್ ಒಳಗೆ ಬೀಳುತ್ತೆ. ಅದರ ತೂಕವೂ ಅದೇ ಕಡೆಗೆ ಎಳೆಯುತ್ತೆ. ಒಮ್ಮೆ ಬಿದ್ದಮೇಲೆ ಅಲ್ಲಿ ಗ್ಯಾಸಿನ ಓಡಾಟ ಇಲ್ಲ, ಮೇಲೆ ಏಳಲ್ಲ. ನಿಪ್ಪಲ್‌ಗೆ ಉದ್ದ ಬೇಕು ಅನ್ನೋದು ಇದಕ್ಕೇ. ಟೀಗೇ ನೇರವಾಗಿ ಪ್ಲಗ್ ಹಾಕಿದರೆ ಬಿದ್ದ ಕಸ ಗ್ಯಾಸ್ ತಿರುಗುವ ಜಾಗದಲ್ಲೇ ಇರುತ್ತೆ, ಮತ್ತೆ ಎದ್ದು ಹೋಗುತ್ತೆ.

ಈಗ ತಪ್ಪುಗಳು. ಜಾಸ್ತಿ ಕಾಣುವುದು ಇದು: ಪೈಪ್ ಅಡ್ಡಡ್ಡ ಓಡುತ್ತಿರುತ್ತೆ, ಮಧ್ಯೆ ಟೀ ಹಾಕಿ ಪಕ್ಕದ ಬಾಯನ್ನು ಕೆಳಕ್ಕೆ ಮಾಡಿ ನಿಪ್ಪಲ್ ನೇತುಹಾಕಿರುತ್ತಾರೆ. ಗ್ಯಾಸ್ ತಿರುಗುವುದೇ ಇಲ್ಲ, ನೇರ ಹೋಗುತ್ತೆ, ಅದರ ಜೊತೆ ಕಸವೂ ನೇರ ಹೋಗುತ್ತೆ. ನೀರಿದ್ದರೆ ಇಳಿದೀತು, ಡ್ರಿಪ್ ಲೆಗ್ ಆಗಿ ನಡೆದೀತು. ಕಸಕ್ಕೆ ಇದು ಸಾಲದು. ಎರಡನೆಯದು, ಗ್ಯಾಸ್ ಪಕ್ಕದಿಂದ ಬಂದು ಮೇಲಕ್ಕೆ ಹೋಗುವುದು. ತಿರುವು ಇದೆ, ಆದರೆ ಕಸ ಬೀಳುವ ದಿಕ್ಕಿಗೆ ಅದರ ವೇಗ ಇಲ್ಲ. ಕೋಡ್ ಪುಸ್ತಕದ ಚಿತ್ರದಲ್ಲಿರುವುದು ಮೇಲಿನಿಂದ ಇಳಿದು ಪಕ್ಕಕ್ಕೆ ತಿರುಗುವ ಜೋಡಣೆಯೇ. ಮೂರನೆಯದು, ಟ್ರ್ಯಾಪನ್ನು ವಾಲ್ವ್‌ಗಿಂತ ಹಿಂದೆ ಹಾಕುವುದು. ಹಾಗೆ ಹಾಕಿದರೆ ಅದನ್ನು ತೊಳೆಯೋಕೆ ಇಡೀ ಮನೆಯ ಗ್ಯಾಸ್ ನಿಲ್ಲಿಸಬೇಕು. ನಿಲ್ಲಿಸದೆ ಬಿಚ್ಚಿದರೆ ಅನಾಹುತ.

ಲೈನ್ ಕೆಳಗಿನಿಂದ ಬರುತ್ತಿದ್ದರೆ ಏನು ಮಾಡೋದು? ಎರಡು ಎಲ್ಬೋ ಹಾಕಿ ಮೇಲಕ್ಕೆ ಹತ್ತಿಸಿ, ಮತ್ತೆ ಕೆಳಗೆ ಇಳಿಸಿ ಟೀಗೆ ತನ್ನಿ. ಸ್ವಲ್ಪ ಪೈಪ್ ಜಾಸ್ತಿ ಆಗುತ್ತೆ, ಆಗಲಿ.

ಹಂತ 4: ಜೋಡಣೆ

ಸಾಲು ಹೀಗಿರಲಿ: ಮೇಲಿನಿಂದ ಇಳಿದ ಪೈಪ್, ಬಾಲ್ ವಾಲ್ವ್, ಯೂನಿಯನ್, ಟೀಯ ಮೇಲಿನ ಬಾಯಿ. ಟೀಯ ಪಕ್ಕದಿಂದ ಒಂದು ಗಿಡ್ಡ ನಿಪ್ಪಲ್, ಅಲ್ಲಿಂದ ಗ್ಯಾಸ್ ಹೋಸ್, ಹೋಸ್‌ನಿಂದ ಗೀಸರ್. ಗೀಸರ್‌ನ ಗ್ಯಾಸ್ ಬಾಯಿ ತಳದಲ್ಲಿರುವುದರಿಂದ ಹೋಸ್ ಮೇಲಕ್ಕೆ ಹೋಗುತ್ತೆ. ಅದೂ ಒಳ್ಳೆಯದೇ, ತಪ್ಪಿಸಿಕೊಂಡ ಚೂರು ಅಷ್ಟು ಸುಲಭವಾಗಿ ಹತ್ತಲ್ಲ.

ಪೇಸ್ಟ್ ಅಥವಾ ಟೇಪ್ ಯಾವತ್ತೂ ಹೊರ ಥ್ರೆಡ್ಡಿಗೆ. ತುದಿಯ ಮೊದಲ ಒಂದೆರಡು ಸುತ್ತು ಖಾಲಿ ಬಿಡಿ. ತುದಿಯವರೆಗೂ ಸುತ್ತಿದರೆ ತಿರುಗಿಸುವಾಗ ಟೇಪ್ ಹರಿದು ಒಳಗೇ ಉಳಿಯುತ್ತೆ. ಕಸ ಹಿಡಿಯೋಕೆ ಹೋಗಿ ನಾವೇ ಕಸ ಹಾಕಿದ ಹಾಗೆ. ಬಿಗಿ ಮಾಡುವಾಗ ಎರಡು ಪಾನಾ ಬೇಕು. ಒಂದರಲ್ಲಿ ಟೀ ಹಿಡಿಯಬೇಕು, ಇನ್ನೊಂದರಲ್ಲಿ ತಿರುಗಿಸಬೇಕು. ಒಂದೇ ಪಾನಾದಲ್ಲಿ ಎಳೆದರೆ ಹಿಂದಿನ ಜಾಯಿಂಟ್ ಸಡಿಲ ಆಗುತ್ತೆ. ಪೈಪನ್ನು ಗೋಡೆಗೆ ಕ್ಲಾಂಪ್ ಮಾಡಿಸಿ. ಟ್ರ್ಯಾಪಿನ ಭಾರ, ಮುಂದೆ ಅದನ್ನು ಬಿಚ್ಚುವಾಗಿನ ಎಳೆತ, ಎರಡನ್ನೂ ಕ್ಲಾಂಪ್ ತಡೆಯಬೇಕು, ಜಾಯಿಂಟ್ ತಡೆಯಬಾರದು.

ಕೆಲಸ ಮುಗಿದ ಮೇಲೆ ಮನೆಯವರಿಂದ ಒಂದು ಮಾತು ಬಂದೇ ಬರುತ್ತೆ. "ಏನಪ್ಪಾ ಇದು, ಪೈಪು ಕೆಳಗೆ ಸುಮ್ನೆ ನೇತಾಡ್ತಿದೆಯಲ್ಲ. ಗುಡಿಸೋಕೆ ಅಡ್ಡ, ಕತ್ತರಿಸಿಬಿಡು." ಫಿಟ್ಟರ್ ಅಲ್ಲಿ ತಾಳ್ಮೆಯಿಂದ ಹೇಳಬೇಕು: "ಇಲ್ಲಮ್ಮ, ಕಸ ಬೀಳೋ ಜಾಗ ಅದು. ಇದ್ದರೆ ಗೀಸರ್ ಚೆನ್ನಾಗಿರುತ್ತೆ." ಹೇಳದೆ ಹೋದರೆ ಎರಡು ವರ್ಷ ಬಿಟ್ಟು ಯಾರೋ ಬಂದು ಆ ಕ್ಯಾಪ್ ಬಿಚ್ಚಿ, ಅಲ್ಲಿಂದಲೇ ಇನ್ನೊಂದು ಒಲೆಗೆ ಲೈನ್ ಎಳೆದಿರುತ್ತಾರೆ. ಖಾಲಿ ಬಾಯಿ ಇತ್ತು, ಉಪಯೋಗಿಸಿಕೊಂಡೆ ಅನ್ನುತ್ತಾರೆ. ಆಗ ಅಷ್ಟು ದಿನ ಬಿದ್ದ ಕಸವೆಲ್ಲ ಆ ಹೊಸ ಒಲೆಗೇ ಹೋಗುತ್ತೆ.

ಹಂತ 5: ಪರೀಕ್ಷೆ

ಒಲೆ, ಗೀಸರ್, ರೆಗ್ಯುಲೇಟರ್ ಎಲ್ಲ ಬಿಚ್ಚಿಟ್ಟು ಬಾಯಿಗಳನ್ನು ಮುಚ್ಚಿ, ಲೈನಿಗೆ ಗಾಳಿ ತುಂಬಿಸಿ ನೋಡಬೇಕು. ಗ್ಯಾಸಿನಿಂದ ಪರೀಕ್ಷೆ ಮಾಡುವುದು ತಪ್ಪು. ಅಮೆರಿಕದ ಕೋಡ್ ಮನೆಯ ಲೈನಿಗೆ ಕನಿಷ್ಠ 3 ಪಿಎಸ್ಐ, ಅಂದರೆ ಸುಮಾರು 0.2 ಬಾರ್, ಕನಿಷ್ಠ 10 ನಿಮಿಷ ಅನ್ನುತ್ತೆ. ನಿಮ್ಮ ಗ್ಯಾಸ್ ಕಂಪನಿ ಇದಕ್ಕಿಂತ ಜಾಸ್ತಿ ಕೇಳಿದರೆ ಅದರ ಮಾತೇ ನಡೆಯಬೇಕು. ಗೇಜ್ ಬಗ್ಗೆ ಒಂದು ಮಾತು: 10 ಬಾರ್ ತನಕ ತೋರಿಸುವ ಗೇಜಿನಲ್ಲಿ 0.2 ಬಾರ್ ಇಳಿದರೂ ಮುಳ್ಳು ಅಲ್ಲಾಡಿದ್ದು ಕಾಣಲ್ಲ. ಪರೀಕ್ಷೆಯ ಒತ್ತಡದ ಐದು ಪಟ್ಟಿಗಿಂತ ದೊಡ್ಡ ಗೇಜ್ ಬೇಡ ಅಂತ ಅದೇ ಕೋಡ್ ಹೇಳುತ್ತೆ. ಅಂದರೆ 1 ಬಾರ್ ಗೇಜ್. ಬಿಸಿಲು ಬೀಳುವ ಗೋಡೆಯ ಪೈಪಾದರೆ ಬೆಳಿಗ್ಗೆ ಮಾಡಿಸಿ. ಪೈಪ್ ಕಾದರೆ ಒಳಗಿನ ಒತ್ತಡ ಏರಿ ಸಣ್ಣ ಲೀಕ್ ಮರೆಯಾಗುತ್ತೆ.

ಆಮೇಲೆ ಸೋಪಿನ ನೀರು. ಪ್ರತಿ ಜಾಯಿಂಟಿಗೂ, ಕ್ಯಾಪಿಗೂ ಹಚ್ಚಿ. ಗುಳ್ಳೆ ಬಂದರೆ ಬಿಚ್ಚಿ ಮತ್ತೆ ಮಾಡಬೇಕು, ಮೇಲೆ ಎಂ-ಸೀಲ್ ಮೆತ್ತಬಾರದು. ಕಡ್ಡಿ ಗೀರಿ ನೋಡುವ ಮಾತೇ ಇಲ್ಲ.

ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದರೆ ನೆಲದ ಮೂಲೆಯಲ್ಲಿ ಮಡುಗಟ್ಟುತ್ತೆ. ಪೈಪ್ ಗ್ಯಾಸ್ ಹಗುರ, ಚಾವಣಿಗೆ ಏರುತ್ತೆ. ಅದಕ್ಕೆ ಎಲ್‌ಪಿಜಿಗೆ ನೆಲಮಟ್ಟದಲ್ಲಿ, ಪೈಪ್ ಗ್ಯಾಸ್‌ಗೆ ಮೇಲೆ ಗಾಳಿ ದಾರಿ ಬೇಕು. ವಾಸನೆ ಬಂದರೆ ಸ್ವಿಚ್ ಮುಟ್ಟದೆ ವಾಲ್ವ್ ಮುಚ್ಚಿ, ಕಿಟಕಿ ತೆಗೆದು, ಹೊರಗೆ ಬಂದು ಫೋನ್ ಮಾಡಿ. ಎಲ್‌ಪಿಜಿಗೆ 1906. ಪೈಪ್ ಗ್ಯಾಸ್ ಆದರೆ ಕಂಪನಿಯ ತುರ್ತು ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿರಿ.

ಹಂತ 6: ಬಿಚ್ಚಿ ನೋಡುವುದು

ಹೊಸ ಲೈನಾದರೆ ಮೊದಲ ಒಂದೆರಡು ತಿಂಗಳಲ್ಲಿ ಒಮ್ಮೆ ಬಿಚ್ಚಿಸಿ, ಕಸ ಜಾಸ್ತಿ ಬರುವುದು ಆಗಲೇ. ಆಮೇಲೆ ಗೀಸರ್ ಸರ್ವಿಸ್ ಜೊತೆ ವರ್ಷಕ್ಕೊಮ್ಮೆ ಸಾಕು. ವಾಲ್ವ್ ಮುಚ್ಚಿ, ಮುಂದೆ ಉಳಿದ ಗ್ಯಾಸನ್ನು ಉಪಕರಣದಲ್ಲೇ ಉರಿಸಿ ಖಾಲಿ ಮಾಡಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೇವರ ದೀಪವೂ ಉರಿಯುತ್ತಿರಬಾರದು. ಟೀಯನ್ನು ಒಂದು ಪಾನಾದಲ್ಲಿ ಹಿಡಿದು ಕ್ಯಾಪ್ ತಿರುಗಿಸಬೇಕು. ಕೆಳಗೆ ಒಂದು ಸ್ಟೀಲ್ ತಟ್ಟೆ ಇಡಿ.

ತಟ್ಟೆಗೆ ಬಿದ್ದದ್ದನ್ನು ಎಸೆಯುವ ಮುಂಚೆ ನೋಡಿ. ಅದು ಲೈನಿನ ಜಾತಕ. ಹೊಳೆಯುವ ಸುರುಳಿ ಚೂರು, ಉಗುರಿನಷ್ಟು ಉದ್ದ, ಬಗ್ಗಿಸಿದರೆ ಮುರಿಯುತ್ತೆ: ಥ್ರೆಡ್ ಹಾಕಿದಾಗಿನದು. ಒಂದೆರಡು ಸಲ ಬಂದು ನಿಂತುಹೋಗುತ್ತೆ, ಚಿಂತೆ ಬೇಡ. ಬಿಳಿ ಎಳೆ ಟೇಪಿನದು. ಬೂದು ಬಣ್ಣದ ಹರಳು ಬೆರಳಲ್ಲಿ ಉಜ್ಜಿದರೆ ಪುಡಿಯಾಗದಿದ್ದರೆ ಸಿಮೆಂಟು, ಕೆಂಪಗೆ ಪುಡಿಯಾದರೆ ಮಣ್ಣು. ಅಂದರೆ ಪೈಪಿನ ಬಾಯಿ ತೆರೆದಿಟ್ಟಿದ್ದರು.

ಕಂದು ಪುಡಿ ಬಂದರೆ ಒಂದು ಆಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಹತ್ತಿರ ಹಿಡಿಯಿರಿ. ಅದರ ಜೊತೆ ಕಬ್ಬಿಣದ ಚೂರಿದ್ದರೆ ಕಾಗದಕ್ಕೆ ಅಂಟಿ ಬರುತ್ತೆ, ಉಳಿದದ್ದು ತುಕ್ಕು ಅಥವಾ ಮಣ್ಣು. ಪ್ರತಿ ವರ್ಷವೂ ತುಕ್ಕು ಬರುತ್ತಿದ್ದರೆ ಪೈಪಿನೊಳಗೆ ಎಲ್ಲೋ ನೀರು ಸೇರುತ್ತಿದೆ. ಕಪ್ಪು ನುಣುಪು ಪುಡಿ ಅಥವಾ ಪದರ ಇನ್ನೊಂದು ಸುದ್ದಿ ಹೇಳುತ್ತೆ. ಗ್ಯಾಸಿನಲ್ಲಿರುವ ಗಂಧಕದ ಅಂಶ ತಾಮ್ರದ ಜೊತೆ ಸೇರಿ ಕಪ್ಪು ಪದರ ಕಟ್ಟುತ್ತೆ, ಅದು ಎದ್ದು ಚೂರಾಗಿ ಬರುತ್ತೆ. ಹೈಡ್ರೋಜನ್ ಸಲ್ಫೈಡ್ 100 ಘನ ಅಡಿಗೆ 0.3 ಗ್ರೇನ್ (ಸುಮಾರು 20 ಮಿಲಿಗ್ರಾಂ) ದಾಟಿದರೆ ತಾಮ್ರದ ಪೈಪ್ ಬಳಸಬೇಡಿ ಅಂತ ಅಮೆರಿಕದ ಕೋಡ್ ಹೇಳುವುದು ಇದಕ್ಕೆ. ತಾಮ್ರದ ಲೈನ್ ಇದ್ದು ಕಪ್ಪು ಚೂರು ಮತ್ತೆ ಮತ್ತೆ ಬಂದರೆ ಪೂರೈಕೆದಾರರಿಗೆ ತಿಳಿಸಿ.

ಎಲ್‌ಪಿಜಿ ಲೈನಿನಲ್ಲಿ ಜಿಡ್ಡು ಎಣ್ಣೆ ಬಂದರೆ, ವಾಸನೆ ಘಾಟಾಗಿದ್ದರೆ, ಎರಡು ಕಡೆ ನೋಡಿ. ಒಂದು, ಎಲ್‌ಪಿಜಿಗೆ ಅಂತ ಗುರುತಿಲ್ಲದ ರಬ್ಬರ್ ಹೋಸ್ ಹಾಕಿದ್ದಾರಾ ಅಂತ. ಆ ರಬ್ಬರಿನ ಎಣ್ಣೆಯನ್ನು ಗ್ಯಾಸ್ ಕರಗಿಸಿ ತರುತ್ತೆ. ಇನ್ನೊಂದು, ಗ್ಯಾಸ್ ಮುಗಿಯುತ್ತಾ ಬಂದಾಗ ಯಾರಾದರೂ ಸಿಲಿಂಡರ್ ಮಲಗಿಸುತ್ತಿದ್ದಾರಾ ಅಂತ. ಮಲಗಿಸಿದರೆ ಲೈನಿಗೆ ದ್ರವವೇ ಬರುತ್ತೆ. ಒಂದು ಲೋಟ ದ್ರವ ಸುಮಾರು 250 ಲೋಟ ಗ್ಯಾಸ್ ಆಗುತ್ತೆ. ಅದನ್ನು ಯಾವ ಟ್ರ್ಯಾಪೂ, ಯಾವ ಡ್ರಿಪ್ಪೂ ತಡೆಯಲ್ಲ. ಸಿಲಿಂಡರ್ ಯಾವಾಗಲೂ ನಿಂತೇ ಇರಬೇಕು.

ತೊಳೆದ ಮೇಲೆ ಹಳೆ ಟೇಪ್ ಪೂರ್ತಿ ಕಿತ್ತು, ಹೊಸದಾಗಿ ಸೀಲ್ ಮಾಡಿ, ಕ್ಯಾಪ್ ಹಾಕಿ, ವಾಲ್ವ್ ತೆರೆದು ಮತ್ತೆ ಸೋಪಿನ ನೀರು. ಬಿಚ್ಚಿದ ತಾರೀಕನ್ನು ಪಕ್ಕದ ಗೋಡೆ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ.

ಇಷ್ಟೆಲ್ಲ ಮಾಡಿದರೂ ಗೀಸರ್ ನೀರು ಬಿಸಿಯಾಗುತ್ತಿಲ್ಲ ಅಂದರೆ ಗ್ಯಾಸನ್ನೇ ಬೈಯಬೇಡಿ. ತುಮಕೂರಿನ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು. ಒಳಗಿನ ಕೊಳವೆಗೆ ಬಿಳಿ ಉಪ್ಪು ಕಟ್ಟಿ ನೀರಿನ ವೇಗ ಕಡಿಮೆಯಾದರೆ ಗ್ಯಾಸ್ ವಾಲ್ವ್ ಪೂರ್ತಿ ತೆರೆಯುವುದೇ ಇಲ್ಲ. ಗೀಸರ್‌ಗೆ ಹೋಗುವ ನೀರಿನ ಜಾಲರಿ ಮೊದಲು ನೋಡಿ. ಒಲೆಯ ಜೆಟ್ ಕಟ್ಟಿದ್ದರೆ ಪಿನ್ನಿನಿಂದ ಚುಚ್ಚಬೇಡಿ, ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾಗಿ ಉರಿ ಕೆಡುತ್ತೆ.

ಗೋಬರ್ ಗ್ಯಾಸ್ ಇರುವವರಿಗೆ ಡ್ರಿಪ್ ಲೆಗ್

ಮೇಲೆ ಡ್ರಿಪ್‌ಗೆ ಈಗ ಕೆಲಸ ಕಡಿಮೆ ಅಂದೆ. ಹಸು ಕಟ್ಟಿರುವ ಮನೆಗಳಲ್ಲಿ ಆ ಮಾತು ನಡೆಯಲ್ಲ. ಗುಬ್ಬಿ, ತಿಪಟೂರು, ಕುಣಿಗಲ್ ಕಡೆ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಇರುವವರಿಗೆ ಇದು ದಿನದ ವಿಷಯ. ಆ ಗುಂಡಿಯಿಂದ ಬರುವ ಅನಿಲದಲ್ಲಿ ನೀರಿನ ಆವಿ ತುಂಬಿರುತ್ತೆ. ರಾತ್ರಿ ತಣ್ಣಗಾದಾಗ ಪೈಪಿನೊಳಗೆ ಹನಿಯಾಗುತ್ತೆ, ತಗ್ಗಿನಲ್ಲಿ ನಿಲ್ಲುತ್ತೆ. ಬೆಳಿಗ್ಗೆ ಒಲೆ ಹಚ್ಚಿದರೆ ಉರಿ ಕುಣಿಯುತ್ತೆ, ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ. ಸೆಗಣಿ ಕಡಿಮೆ ಆಯ್ತೇನೋ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಪೈಪಿನಲ್ಲಿ ನೀರು ನಿಂತಿರುತ್ತೆ ಅಷ್ಟೇ.

ಪೈಪಿಗೆ 100 ಅಡಿಗೆ 1 ಅಡಿ ಇಳಿಜಾರು ಕೊಡಿ, ಗುಂಡಿಯ ಕಡೆಗಾದರೂ ಸರಿ, ಡ್ರಿಪ್ ಇರುವ ಕಡೆಗಾದರೂ ಸರಿ. ಮಧ್ಯೆ ಜೋಲು ಬೀಳಬಾರದು. ಪ್ಲಾಸ್ಟಿಕ್ ಪೈಪನ್ನು ಮರದಿಂದ ಮರಕ್ಕೆ ಕಟ್ಟಿದರೆ ಪ್ರತಿ ಜೋಲಿನಲ್ಲೂ ನೀರು ನಿಲ್ಲುತ್ತೆ. ಅತ್ಯಂತ ತಗ್ಗಿನ ಜಾಗದಲ್ಲಿ ಟೀ ಹಾಕಿ, ಕೆಳಕ್ಕೆ ಒಂದು ಅಡಿ ಪೈಪ್ ಬಿಟ್ಟು, ತುದಿಗೆ ನಲ್ಲಿ ಹಾಕಿಸಿ. ಇಲ್ಲಿ ಗ್ಯಾಸ್ ಅಡ್ಡ ಹೋದರೂ ನಡೆಯುತ್ತೆ, ನೀರು ತನ್ನ ಪಾಡಿಗೆ ಇಳಿಯುತ್ತೆ. ಕೆಲವರು ನಲ್ಲಿ ಬದಲು ಪೈಪನ್ನು ಬಗ್ಗಿಸಿ ನೀರು ತುಂಬಿಟ್ಟು ತಾನಾಗಿ ಸುರಿಯುವ ಹಾಗೆ ಮಾಡುತ್ತಾರೆ. ಆ ನೀರಿನ ಆಳ ಗುಂಡಿಯ ಅತಿ ಹೆಚ್ಚಿನ ಒತ್ತಡಕ್ಕಿಂತ ಜಾಸ್ತಿ ಇರಲೇಬೇಕು. ಇಲ್ಲದಿದ್ದರೆ ಗ್ಯಾಸ್ ನೀರನ್ನು ತಳ್ಳಿಕೊಂಡು ಹೊರಗೆ ಹೋಗುತ್ತೆ. ಬೇಸಿಗೆಯಲ್ಲಿ ಆ ನೀರು ಆರಿಹೋಗುವುದೂ ಇದೆ. ಅದಕ್ಕೆ ನನ್ನ ಓಟು ನಲ್ಲಿಗೆ.

ಗೋಬರ್ ಗ್ಯಾಸಿನಲ್ಲಿ ಗಂಧಕದ ಅಂಶ ಜಾಸ್ತಿ, ತಾಮ್ರದ ಪೈಪ್ ಬೇಡ. ನಲ್ಲಿ ಬಿಡುವಾಗ ಒಲೆ ಆರಿರಲಿ, ಬೀಡಿ ಹಚ್ಚಿದವರು ದೂರ ಇರಲಿ. ನೀರು ಬಂದು ನಿಂತು ಗ್ಯಾಸಿನ ಸದ್ದು ಕೇಳಿದ ತಕ್ಷಣ ಮುಚ್ಚಿ. ಮಳೆಗಾಲ, ಚಳಿಗಾಲದಲ್ಲಿ ವಾರಕ್ಕೊಮ್ಮೆ ಬಿಡಿ. ಬೇಸಿಗೆಯಲ್ಲಿ ಉರಿ ಕುಣಿಯಲು ಶುರುವಾದಾಗ ಬಿಟ್ಟರೆ ಸಾಕು.